ನಾನೂ ನನ್ನ ಮೂರು ಜಾಲತಾಣಗಳೂ

ಗ್ರಂಥಾಲಯದ ಕಿಟಕಿಯ ಬದಿಯ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಮಧ್ಯಾಹ್ನವೆಲ್ಲ ಕುಳಿತಿರುವ ನನ್ನನ್ನು ಕಂಡ ಮಿತ್ರರು ಒಂದಲ್ಲ ಒಂದು ದಿನ ಬಳಿಗೆ ಬಂದು, "ಏನ್ ಮಾಡ್ಲಾಕತ್ತೀಪಾ?" ಎಂದು ಕೇಳದೆ ಬಿಡುವುದಿಲ್ಲ. ಅಫಿಲಿಯೇಟ್ ಜಾಲತಾಣಗಳನ್ನು ನಡೆಸುತ್ತೇನೆ ಎಂದರೆ ಅವರಿಗೆ ಏನೂ ತಿಳಿದಂತಾಗುವುದಿಲ್ಲ. "ನಮ್ಮ ಕಾಲೇಜು ಗುಲಬರ್ಗಾ ವಿಶ್ವವಿದ್ಯಾಲಯಕ್ಕ ಅಫಿಲಿಯೇಟ್ ಆದಂಗೇನು?" ಎಂದು ಒಬ್ಬ ಗೆಳೆಯ ಕೇಳಿದ್ದುಂಟು. ನಮ್ಮ ಅರ್ಥಶಾಸ್ತ್ರದ ಉಪನ್ಯಾಸಕರೂ ಒಮ್ಮೆ ಕೇಳಿದರು. ನನ್ನ ವಿವರಣೆಯನ್ನು ಎರಡು ನಿಮಿಷ ಆಲಿಸಿ, "ಅಂದರೆ ದಲಾಲಿ ಅನ್ನಪ್ಪಾ" ಎಂದು ನಕ್ಕು ಮುಂದೆ ನಡೆದರು. ಆಗ ನನಗೆ ಸ್ವಲ್ಪ ಅವಮಾನವಾದಂತಾಯಿತು. ಈಗ ಯೋಚಿಸಿದರೆ, ಅವರು ಒಂದೇ ಮಾತಿನಲ್ಲಿ ಕೊಟ್ಟ ಅರ್ಥಕ್ಕಿಂತ ಸರಿಯಾದುದನ್ನು ನಾನು ಕೊಡಲಾರೆನೆನಿಸುತ್ತದೆ. ಆ ದಲಾಲಿಯ ಬಗೆ ಎಂತಹದು, ಅದನ್ನು ಒಬ್ಬನೇ ಮನುಷ್ಯ ನಾಲ್ಕಾರು ಕಡೆ ಹಬ್ಬಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ಕಲಬುರಗಿಯ ನೆಹರು ಗಂಜನ್ನು ನೋಡದ ವಿದ್ಯಾರ್ಥಿ ನಮ್ಮಲ್ಲಿ ಯಾರೂ ಇರಲಾರರು. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ತೊಗರಿಯ ಚೀಲಗಳು ಅಲ್ಲಿ ಬಂದು ಬೀಳುತ್ತವೆ. ಅಡತಿ ಅಂಗಡಿಯವನು ಆ ತೊಗರಿಯನ್ನು ಬೆಳೆದವನಲ್ಲ. ಅದನ್ನು ಒಡೆದು ಬೇಳೆ ಮಾಡುವವನೂ ಅಲ್ಲ. ಬೆಳೆದವನನ್ನೂ ಕೊಳ್ಳುವವನನ್ನೂ ಒಂದೆಡೆ ಕೂಡಿಸಿ, ವ್ಯಾಪಾರ ಕುದುರಿದ ಮೇಲೆ ತನ್ನ ಅಡತಿಯನ್ನು ಪಡೆಯುತ್ತಾನೆ. ನನ್ನದೂ ಅದೇ ಕಸುಬು. ನನ್ನ ಬಳಿ ಸರಕಿಲ್ಲ, ಗೋದಾಮಿಲ್ಲ, ತಕ್ಕಡಿಯಿಲ್ಲ. ಒಂದು ವಸ್ತುವಿನ ಗುಣದೋಷಗಳನ್ನು ಜಾಲತಾಣದಲ್ಲಿ ಬರೆಯುತ್ತೇನೆ. ಬರಹದ ಕೆಳಗೆ ದೊಡ್ಡ ಅಂಗಡಿಯೊಂದಕ್ಕೆ ಹೋಗುವ ಕೊಂಡಿಯನ್ನು ಇಡುತ್ತೇನೆ. ಓದಿದವರು ಆ ಕೊಂಡಿಯ ಮೂಲಕ ಹೋಗಿ ಕೊಂಡರೆ ಅಂಗಡಿಯವರು ನನಗೆ ನೂರಕ್ಕೆ ಇಷ್ಟೆಂದು ಕೊಡುತ್ತಾರೆ. ಕೊಂಡವರಿಗೆ ಬೆಲೆ ಹೆಚ್ಚಾಗುವುದಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ಗಂಜಿನ ಅಡತಿಯವನಿಗೆ ಒಂದು ಗಾದಿಯಿದೆ. ಮೋಸವಾಯಿತೆಂದು ತೋರಿದರೆ ರೈತ ಮರುದಿನ ಬೆಳಿಗ್ಗೆ ಬಂದು ಆ ಗಾದಿಯ ಮುಂದೆ ನಿಲ್ಲಬಲ್ಲ. ಜಾಲತಾಣದವನಿಗೆ ಗಾದಿಯಿಲ್ಲ, ಅವನ ಮುಖವನ್ನೂ ಯಾರೂ ಕಂಡಿರುವುದಿಲ್ಲ. ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ನನಗೆ ತಡವಾಗಿ ತಿಳಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಈ ಪದ್ಧತಿ ಬಹಳ ಹಳೆಯದೇನೂ ಅಲ್ಲ. ಅಮೆರಿಕದ ವಿಲಿಯಂ ಟೋಬಿನ್ ಎಂಬವರು ೧೯೮೯ರಲ್ಲಿ ಪ್ರಾಡಿಜಿ ಎಂಬ ಕಂಪ್ಯೂಟರ್ ಸೇವೆಯ ಮೂಲಕ ಹೂವು ಮತ್ತು ಉಡುಗೊರೆಗಳನ್ನು ಮಾರತೊಡಗಿ, ಮಾರಾಟದ ಮೇಲೆ ಆ ಸೇವೆಯವರಿಗೆ ಪಾಲು ಕೊಟ್ಟರು. ೧೯೯೪ರಲ್ಲಿ ಸಂಗೀತದ ಮುದ್ರಿಕೆಗಳನ್ನು ಮಾರುತ್ತಿದ್ದ ಸೀಡಿ ನೌ ಎಂಬ ಸಂಸ್ಥೆ, ಹಾಡುಗಳ ವಿಮರ್ಶೆ ಬರೆಯುವವರ ಪುಟಗಳಿಂದ ಬಂದ ಗಿರಾಕಿಗಳಿಗೆ ಕಮಿಷನ್ ಕೊಡುವ ಏರ್ಪಾಡು ಮಾಡಿತು. ೧೯೯೬ರ ಜುಲೈ ತಿಂಗಳಲ್ಲಿ, ಆಗ ಪುಸ್ತಕಗಳನ್ನಷ್ಟೇ ಮಾರುತ್ತಿದ್ದ ಅಮೆಜಾನ್ ಇದನ್ನು ಕಂಡಕಂಡವರಿಗೆಲ್ಲ ತೆರೆದಿಟ್ಟ ಮೇಲೆ ಇದು ಜಗತ್ತಿನ ವ್ಯಾಪಾರವಾಯಿತು. ಭಾರತದಲ್ಲಿ ಆ ಅಂಗಡಿ ಬಾಗಿಲು ತೆರೆದದ್ದು ೨೦೧೩ರಲ್ಲಿ. ಕನ್ನಡದವರಾದ ನಮಗೆ ಮುಖ್ಯವಾದ ವರ್ಷ ೨೦೨೦. ಬೆಂಗಳೂರಿನಲ್ಲಿ ೨೦೦೭ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಆ ವರ್ಷದ ಜೂನಿನಲ್ಲಿಯೂ ಅಮೆಜಾನ್ ಸೆಪ್ಟೆಂಬರಿನಲ್ಲಿಯೂ ಕನ್ನಡದಲ್ಲಿ ಅಂಗಡಿ ಹೂಡಿದವು. ಇಂಗ್ಲಿಷಿನ ಹಂಗಿಲ್ಲದೆ ಕೊಳ್ಳುವವರು ಬಂದರೆಂದರೆ, ಅವರಿಗಾಗಿ ಕನ್ನಡದಲ್ಲಿ ಬರೆಯುವವನಿಗೂ ಒಂದು ಕೆಲಸ ಹುಟ್ಟಿತೆಂದೇ ಅರ್ಥ.

ಕೊಂಡಿ ಕೆಲಸ ಮಾಡುವ ರೀತಿ ಸರಳವಾದುದು. ವಿಳಾಸದ ಕೊನೆಯಲ್ಲಿ ನನ್ನದೊಂದು ಗುರುತು ಅಂಟಿಕೊಂಡಿರುತ್ತದೆ. ಓದುಗರು ಅದನ್ನು ಒತ್ತಿದೊಡನೆ ಅವರ ಫೋನಿನಲ್ಲಿ ಕುಕಿ ಎಂಬ ಸಣ್ಣ ಚೀಟಿಯೊಂದು ಬೀಳುತ್ತದೆ. ಅಮೆಜಾನಿನಲ್ಲಿ ಈ ಚೀಟಿಯ ಆಯುಸ್ಸು ೨೪ ಗಂಟೆ. ಅಷ್ಟರೊಳಗೆ ಅವರು ಏನು ಕೊಂಡರೂ ನನಗೆ ಪಾಲುಂಟು. ಪುಸ್ತಕದ ಕೊಂಡಿಯಿಂದ ಹೋದವರು ಪ್ರೆಷರ್ ಕುಕ್ಕರ್ ಕೊಂಡು ನನಗೆ ಮೂವತ್ತು ರೂಪಾಯಿ ಗಳಿಸಿಕೊಟ್ಟ ಪ್ರಸಂಗವೂ ನಡೆದಿದೆ. ಕೊಂಡದ್ದನ್ನು ಹಿಂದಿರುಗಿಸಿದರೆ ಕಮಿಷನ್ನೂ ಹಿಂದಿರುಗುತ್ತದೆ. ನನ್ನ ಕೊಂಡಿಯಿಂದ ನಾನೇ ಕೊಳ್ಳುವಂತಿಲ್ಲ. ಹೊಸದಾಗಿ ಸೇರಿದವನು ೧೮೦ ದಿನಗಳಲ್ಲಿ ಮೂರು ವ್ಯಾಪಾರವನ್ನಾದರೂ ಮಾಡಿಸದಿದ್ದರೆ ಅವನ ಖಾತೆ ಮುಚ್ಚಿಹೋಗುತ್ತದೆ. ಹಣ ಕೈಗೆ ಬರುವುದು ಆ ತಿಂಗಳು ಮುಗಿದು ಸುಮಾರು ಎರಡು ತಿಂಗಳಾದ ಮೇಲೆ. ಆದುದರಿಂದ ಮೇ ತಿಂಗಳ ಬಿಸಿಲಿನ ಗಳಿಕೆಯನ್ನು ಎಣಿಸಬೇಕಾದದ್ದು ಆಗಸ್ಟಿನ ಮಳೆಯಲ್ಲಿ. ಕಮಿಷನ್ನಿನ ಮೇಲೆ ಮೂಲದಲ್ಲಿಯೇ ಮುರಿದುಕೊಳ್ಳುವ ತೆರಿಗೆಯನ್ನು ೨೦೨೪ರ ಅಕ್ಟೋಬರಿನಿಂದ ಶೇಕಡಾ ೫ರಿಂದ ೨ಕ್ಕೆ ಇಳಿಸಿದರು. ನನ್ನಂಥವನ ವ್ಯವಹಾರದಲ್ಲಿ ಅದರಿಂದ ಆಕಾಶ ಭೂಮಿಯ ವ್ಯತ್ಯಾಸವಾಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮೊದಲ ವರ್ಷದ ಬಿ.ಎ.ಯಲ್ಲಿದ್ದಾಗ ನಾನು ಒಂದಲ್ಲ, ಐದು ತಾಣಗಳನ್ನು ತೆರೆದೆ. ಒಂದು ಬೇಸಗೆಯ ಕೂಲರ್ ಮುಂತಾದ ಗೃಹಬಳಕೆಯ ವಿದ್ಯುತ್ ಸಾಮಾನುಗಳದು; ಒಂದು ಸ್ಪರ್ಧಾತ್ಮಕ ಪರೀಕ್ಷೆಗಳ ಕನ್ನಡ ಪುಸ್ತಕಗಳದು; ಒಂದು ಒಕ್ಕಲುತನದ ಸಣ್ಣ ಸಾಮಗ್ರಿಗಳದು, ಎಂದರೆ ಔಷಧಿ ಸಿಂಪಡಿಸುವ ಪಂಪು, ರಾಶಿಗೆ ಹೊದಿಸುವ ತಾಡಪತ್ರಿ ಇತ್ಯಾದಿ. ಇನ್ನೊಂದು ಮೊಬೈಲ್ ಫೋನುಗಳದು, ಮತ್ತೊಂದು ಮದುವೆಯ ಉಡುಗೊರೆಗಳದು. ಐದೇಕೆ ಎಂದರೆ, ತೆರೆಯುವುದು ಅಷ್ಟು ಸುಲಭ. ಡೊಮೇನ್ ಎಂಬ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ಎಲ್ಲಕ್ಕೂ ಸೇರಿ ಒಂದೇ ಹೋಸ್ಟಿಂಗ್ ಸಾಕು. ಒಂದು ಸಂಜೆಯಲ್ಲಿ ಮನೆ ಎದ್ದು ನಿಲ್ಲುತ್ತದೆ. ಅವ್ವ ಮಾತ್ರ, "ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು" ಎಂಬ ಗಾದೆಯನ್ನು ರೊಟ್ಟಿ ಬಡಿಯುತ್ತಲೇ ಹೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವ್ವನ ಗಾದೆಗೆ ಎದುರಾಗಿ ನನ್ನಲ್ಲೊಂದು ವಾದವಿತ್ತು. ಅದು ಪೂರ್ತಿ ಪೊಳ್ಳೆಂದು ಈಗಲೂ ಹೇಳಲಾರೆ. ನಮ್ಮ ಕಡೆಯ ರೈತರು ಮುಂಗಾರಿನಲ್ಲಿ ತೊಗರಿಯ ಸಾಲುಗಳ ನಡುವೆ ಹೆಸರು, ಉದ್ದು ಬಿತ್ತುತ್ತಾರಷ್ಟೆ. ಹೆಸರು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕೈಗೆ ಬಂದು ಹಬ್ಬದ ಖರ್ಚಿಗಾಗುತ್ತದೆ. ತೊಗರಿ ವರ್ಷದ ಕೊನೆಗೆ ಬರುತ್ತದೆ. ಜಾಲತಾಣಗಳಿಗೂ ಹಾಗೆಯೇ ಸುಗ್ಗಿಯ ಕಾಲಗಳಿವೆ. ಕೂಲರನ್ನು ಜನ ಹುಡುಕುವುದು ಮಾರ್ಚಿನಿಂದ ಮೇವರೆಗೆ. ತಾಡಪತ್ರಿಯನ್ನು ರಾಶಿಯ ಕಾಲಕ್ಕೆ. ಪುಸ್ತಕಗಳನ್ನು ನೇಮಕಾತಿಯ ಪ್ರಕಟಣೆ ಹೊರಟ ವಾರ. ಒಂದು ಮಲಗಿದಾಗ ಇನ್ನೊಂದು ಎದ್ದಿರುತ್ತದೆ. ಒಬ್ಬನೇ ನಡೆಸುವವನಿಗೆ ಇದರಿಂದ ದುಡ್ಡಿಗಿಂತ ಹೆಚ್ಚಾಗಿ ಸಮಯದ ಅನುಕೂಲವಿದೆ. ಎಲ್ಲದರ ಸುಗ್ಗಿಯೂ ಒಂದೇ ತಿಂಗಳಲ್ಲಿ ಬಂದರೆ ಅವನ ಗತಿಯೇನು? (ನಿನ್ನ ಊರಿನ ಕೆಂಪು ಬಾಳೆಹಣ್ಣನ್ನೇಕೆ ಬಿಟ್ಟೆ ಎಂದು ಕಮಲಾಪುರದ ಹೆಸರು ಕೇಳಿದವರೆಲ್ಲ ಕೇಳುತ್ತಾರೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು ಅದು. ಒಂದು ಬೆಳೆಗೆ ಸುಮಾರು ೧೮ ತಿಂಗಳು ಹಿಡಿಯುತ್ತದೆ. ನಾನು ಎಲ್ಲಕ್ಕಿಂತ ಚೆನ್ನಾಗಿ ಬಲ್ಲ ವಸ್ತುವೂ ಅದೇ. ಆದರೆ ಮಾಗಿದ ಬಾಳೆಗೊನೆಗೆ ಕೊಂಡಿ ಹಾಕುವುದು ಹೇಗೆ? ರಸ್ತೆಯ ಬದಿಯಲ್ಲಿ ಬಸ್ಸಿನ ಕಿಟಕಿಗೆ ಕೈಚಾಚಿ ಮಾರುವುದೇ ಅದಕ್ಕೆ ತಕ್ಕ ವ್ಯಾಪಾರ.)

ಕಷ್ಟ ಇರುವುದು ತೆರೆಯುವುದರಲ್ಲಲ್ಲ, ತೆರೆದಿಟ್ಟುಕೊಳ್ಳುವುದರಲ್ಲಿ. ಒಂದು ಪುಟವನ್ನು ಬರೆದು ಮುಗಿಸಿದೆನೆಂದು ಸಮಾಧಾನಪಡುವ ಹಾಗಿಲ್ಲ. ಇಂದು ಮೆಚ್ಚಿದ ಸರಕು ನಾಳೆ ಅಂಗಡಿಯಲ್ಲಿರುವುದಿಲ್ಲ. ಕೊಂಡಿ ಒತ್ತಿದವರು ಬಯಲಿಗೆ ಹೋಗಿ ನಿಲ್ಲುತ್ತಾರೆ. ಬೆಲೆಯಂತೂ ದಿನಕ್ಕೆರಡು ಸಲ ಏರಿಳಿಯುತ್ತದೆ. ಆದುದರಿಂದಲೇ ಅಮೆಜಾನಿನ ನಿಯಮದಲ್ಲಿ ಬೆಲೆಯನ್ನು ಕೈಯಿಂದ ಬರೆದಿಡಕೂಡದೆಂದು ಇದೆ. ಐದು ತಾಣಗಳಲ್ಲಿ ತಲಾ ನಲವತ್ತು ಪುಟಗಳೆಂದರೆ ಇನ್ನೂರು ಪುಟ. ಪುಟಕ್ಕೆ ಐದು ಕೊಂಡಿಗಳೆಂದರೆ ಸಾವಿರ ಕೊಂಡಿ. ಇವನ್ನೆಲ್ಲ ನೆನಪಿನಲ್ಲಿಟ್ಟುಕೊಳ್ಳಲಾಗದೆ ಕೊನೆಗೆ ನಾನು ಗಂಜಿನ ರಸ್ತೆಯಿಂದ ಕೆಂಪು ಬಟ್ಟೆಯ ರಟ್ಟಿನ ಒಂದು ಉದ್ದನೆಯ ಖಾತೆ ಪುಸ್ತಕವನ್ನು ತಂದೆ. ಕಂಪ್ಯೂಟರಿನವನು ಕಾಗದದಲ್ಲಿ ಬರೆಯುವುದನ್ನು ಕಂಡು ಗೆಳೆಯರು ನಗುತ್ತಾರೆ. ನಗಲಿ. ಪ್ರತಿ ಪುಟಕ್ಕೂ ಅದರಲ್ಲಿ ಒಂದು ಸಾಲಿದೆ: ಬರೆದ ದಿನ, ಕೊನೆಗೆ ಪರೀಕ್ಷಿಸಿದ ದಿನ, ಆ ವಸ್ತುವನ್ನು ನಾನು ಕಣ್ಣಾರೆ ಕಂಡಿದ್ದೇನೆಯೇ ಇಲ್ಲವೇ ಎಂಬ ಒಂದು ಗುರುತು. ಈ ಕೊನೆಯ ಅಂಕಣ ಮೊದಲು ಇರಲಿಲ್ಲ.

ಪ್ರತಿ ತಾಣಕ್ಕೂ ಬೇರೆ ಬೇರೆ ಗುರುತನ್ನು ಪಡೆಯುವುದು ಬಹಳ ಅವಶ್ಯ. ಒಂದೇ ಗುರುತನ್ನು ಎಲ್ಲೆಡೆಯೂ ಬಳಸಿದರೆ ಯಾವ ಹೊಲದಿಂದ ಎಷ್ಟು ಕಾಳು ಬಂತೆಂಬುದು ತಿಳಿಯುವುದೇ ಇಲ್ಲ. ನಾನು ಮೊದಲ ಎಂಟು ತಿಂಗಳು ಈ ತಪ್ಪನ್ನು ಮಾಡಿ, ಏನೂ ಗಳಿಸದ ಉಡುಗೊರೆಯ ತಾಣಕ್ಕೆ ರಾತ್ರಿಯೆಲ್ಲ ನೀರು ಹಾಯಿಸುತ್ತಿದ್ದೆ.

ಇನ್ನೊಂದು ತಪ್ಪು ಇದಕ್ಕಿಂತ ದುಬಾರಿಯಾಯಿತು. ಮೂರನೆಯ ಸೆಮಿಸ್ಟರಿನ ಪರೀಕ್ಷೆಯ ಕಾಲದಲ್ಲಿ ತಾಣಗಳ ಕಡೆ ತಿರುಗಿಯೂ ನೋಡಿರಲಿಲ್ಲ. ಒಂದರಲ್ಲಿದ್ದ ಹಳೆಯ ಪ್ಲಗಿನ್ನಿನ ಬಿರುಕಿನಿಂದ ಯಾರೋ ಒಳಹೊಕ್ಕರು. ಐದೂ ಒಂದೇ ಹೋಸ್ಟಿಂಗಿನಲ್ಲಿ, ನಡುವೆ ಗೋಡೆಯಿಲ್ಲದೆ ಇದ್ದುದರಿಂದ ಐದಕ್ಕೂ ಹಬ್ಬಿತು. ಪರೀಕ್ಷೆಯ ಪುಸ್ತಕ ಹುಡುಕಿಕೊಂಡು ಬಂದವರು ಜೂಜಾಟದ ಪುಟಕ್ಕೆ ಹೋಗಿ ಬೀಳುತ್ತಿದ್ದರು. ನನಗಿದು ತಿಳಿದದ್ದು ಅಪರಿಚಿತರೊಬ್ಬರು ಬರೆದ ಎರಡು ಸಾಲಿನ ಪತ್ರದಿಂದ. ಬ್ಯಾಕಪ್ ಪ್ರತಿಗಳನ್ನೂ ಅದೇ ಹೋಸ್ಟಿಂಗಿನಲ್ಲಿಟ್ಟಿದ್ದ ನನ್ನ ಜಾಣತನವನ್ನು ಏನೆಂದು ಹೊಗಳಲಿ! ಮನೆಯ ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದಂತಾಗಿತ್ತು. ಆರು ವಾರ ಹಳೆಯದಾದ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಉಳಿದಿದ್ದುದರಿಂದ ಬಚಾವಾದೆ. ಈಗ ಪ್ರತಿಯೊಂದು ತಾಣಕ್ಕೂ ಬೇರೆ ಅಂಗಳ, ಬೇರೆ ಪಾಸ್‌ವರ್ಡ್. ಪ್ರತಿ ಭಾನುವಾರ ಒಂದು ಪ್ರತಿ ಪೆನ್‌ಡ್ರೈವಿಗೆ.

ಇನ್ನು ಕಾಕಾನ ಕೂಲರಿನ ವಿಷಯ. ಈ ಲೇಖನವನ್ನು ಬರೆಯಲು ನಿಜವಾದ ಕಾರಣ ಅದೇ.

ಎರಡನೆಯ ವರ್ಷದ ಬೇಸಗೆ. ಕೂಲರಿನ ತಾಣ ಆಗಷ್ಟೇ ಚಿಗುರಿತ್ತು. ಹತ್ತು ಕೂಲರುಗಳನ್ನು ಹೋಲಿಸಿ ನಾನು ಬರೆದ ಪುಟವೊಂದನ್ನು ದಿನಕ್ಕೆ ಮುನ್ನೂರು ಜನ ಓದುತ್ತಿದ್ದರು. ಆ ಹತ್ತರಲ್ಲಿ ಎಷ್ಟನ್ನು ನಾನು ನೋಡಿದ್ದೆ? ಒಂದನ್ನೂ ಇಲ್ಲ. ತಯಾರಕರು ಕೊಟ್ಟ ವಿವರಗಳನ್ನೂ, ಎಲ್ಲಿಯೋ ಕುಳಿತವರು ಇಂಗ್ಲಿಷಿನಲ್ಲಿ ಬರೆದ ಮೆಚ್ಚುಗೆಯನ್ನೂ ಸೇರಿಸಿ, ಒಳ್ಳೆಯ ಕನ್ನಡದಲ್ಲಿ ಕಲಸಿ ಇಟ್ಟಿದ್ದೆ. ಯಾವುದಕ್ಕೆ ಮೊದಲ ಸ್ಥಾನ ಕೊಡಬೇಕೆಂಬುದನ್ನು ನಿರ್ಧರಿಸುವಾಗ ಕಮಿಷನ್ನಿನ ಲೆಕ್ಕ ನನ್ನ ಮನಸ್ಸಿನಲ್ಲಿರಲಿಲ್ಲವೆಂದು ಪ್ರಮಾಣ ಮಾಡಲಾರೆ.

ಒಂದು ಶನಿವಾರ ಮಧ್ಯಾಹ್ನ ಬಸ್ಸಿಳಿದು ಕಮಲಾಪುರದ ಮನೆಗೆ ಹೋದಾಗ ಪಕ್ಕದ ಮನೆಯ ಕಾಕಾ ಕರೆದ. ಅವನ ಪಡಸಾಲೆಯಲ್ಲಿ ನಾನು ಮೊದಲ ಸ್ಥಾನ ಕೊಟ್ಟ ಕೂಲರು ನಿಂತಿತ್ತು. ಫ್ಯಾನು ತಿರುಗುತ್ತಿತ್ತು, ಆದರೆ ಬರುತ್ತಿದ್ದುದು ಬರೀ ಬಿಸಿಗಾಳಿ. ಹಿಂದಿನ ಜಾಳಿಗೆಯನ್ನು ತೆಗೆದು ತೋರಿಸಿದ. ಜೇನುಗೂಡಿನಂತಹ ಪ್ಯಾಡಿನ ಕಣ್ಣುಗಳೆಲ್ಲ ಸುಣ್ಣ ಬಳಿದಂತೆ ಬೆಳ್ಳಗೆ ಮುಚ್ಚಿಹೋಗಿದ್ದವು. ನೀರೆತ್ತುವ ಪಂಪು ಕಟ್ಟಿಕೊಂಡು ಸುಟ್ಟಿತ್ತು.

"ನೀ ಬರದದ್ದ ನೋಡೇ ತಗೊಂಡೀನಪಾ. ನಮ್ಮ ಹುಡುಗ ಬರ್ದಾನಂದ್ರ ಸುಳ್ಳಿರಲ್ಲ ಅಂತ," ಎಂದ ಕಾಕಾ. ಸಿಟ್ಟಿನಿಂದಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಇದರಾಗ ನಿನಗೆಷ್ಟು ಬಂತು?" ಎಂದು ಕೇಳಿದ.

೭,೨೦೦ ರೂಪಾಯಿಯ ಕೂಲರು. ಶೇಕಡಾ ನಾಲ್ಕರಂತೆ ನನಗೆ ಬಂದದ್ದು ೨೮೮ ರೂಪಾಯಿ. ಹೇಳಿದೆ. ಅವನು ತಲೆಯಾಡಿಸಿ, "ಚಾ ಕುಡಿ," ಎಂದ. ಗಾದಿಯಿಲ್ಲದ ದಲಾಲಿಯೆಂದು ನನ್ನನ್ನು ನಾನು ತಿಳಿದುಕೊಂಡಿದ್ದೆನಷ್ಟೆ; ಆ ದಿನ ಆ ಪಡಸಾಲೆಯೇ ನನ್ನ ಗಾದಿಯಾಯಿತು.

ತಪ್ಪು ಕೂಲರಿನದಲ್ಲ, ಹೆಚ್ಚೆಂದರೆ ಅರ್ಧ ಅದರದು. ಕೂಲರು ಗಾಳಿಯನ್ನು ತಂಪು ಮಾಡುವುದು ನೀರನ್ನು ಆವಿಯಾಗಿಸಿ. ನೀರು ಆವಿಯಾಗುವಾಗ ಬೇಕಾದ ಶಾಖವನ್ನು ಗಾಳಿಯಿಂದಲೇ ಸೆಳೆದುಕೊಳ್ಳುತ್ತದೆ. ಗಾಳಿ ಎಷ್ಟು ಒಣಗಿರುತ್ತದೆಯೋ ಅಷ್ಟು ಹೆಚ್ಚು ನೀರು ಆವಿಯಾಗಿ ಅಷ್ಟು ಹೆಚ್ಚು ತಂಪಾಗುತ್ತದೆ. ಮಂಗಳೂರಿನ ಸೆಕೆಯಲ್ಲಿ ನಿಷ್ಪ್ರಯೋಜಕವಾದ ಯಂತ್ರ ಕಲಬುರಗಿಯ ೪೨ ಡಿಗ್ರಿಯ ಒಣ ಬಿಸಿಲಿನಲ್ಲಿ ಅಮೃತವಾಗುವುದು ಇದರಿಂದಲೇ. ಆದರೆ ಆವಿಯಾಗಿ ಹೋಗುವುದು ನೀರು ಮಾತ್ರ. ನೀರಿನಲ್ಲಿ ಕರಗಿದ್ದ ಸುಣ್ಣದ ಅಂಶ ಎಲ್ಲಿಗೂ ಹೋಗುವುದಿಲ್ಲ. ಐವತ್ತು ಲೀಟರಿನ ತೊಟ್ಟಿಗೆ ದಿನಕ್ಕೆರಡು ಸಲ ನೀರು ತುಂಬಿಸಿದರೆ ಹತ್ತು ದಿನಗಳಲ್ಲಿ ಸಾವಿರ ಲೀಟರ್. ಆ ಸಾವಿರ ಲೀಟರಿನ ಸುಣ್ಣವೆಲ್ಲ ಐವತ್ತು ಲೀಟರಿನ ತೊಟ್ಟಿಯಲ್ಲಿಯೂ ಪ್ಯಾಡಿನಲ್ಲಿಯೂ ಉಳಿದುಕೊಂಡಿರುತ್ತದೆ, ಎಂದರೆ ಇಪ್ಪತ್ತು ಪಟ್ಟು. ನಮ್ಮ ಕೊಳವೆ ಬಾವಿಯ ನೀರಿನ ಗಡಸುತನ ಎಂತಹದೆಂಬುದನ್ನು ಬೇಳೆ ಬೇಯಿಸುವ ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಅದನ್ನು ಬಲ್ಲವನಾಗಿದ್ದೂ ನಾನು ಬರೆದಿರಲಿಲ್ಲ. ಎಲ್ಲಿಯೋ ಕುಳಿತು ಬರೆದವರಿಗೆ ನಮ್ಮ ನೀರು ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಅವರದನ್ನು ನಕಲು ಮಾಡುವುದರಲ್ಲಿ ಮಗ್ನನಾಗಿದ್ದೆ. ಕನ್ನಡದಲ್ಲಿ ಒಂದು ತಾಣವಿರಬೇಕಾದ ಕಾರಣವೇ ಇದು ಎಂಬುದು ಆವರೆಗೆ ನನಗೆ ಹೊಳೆದಿರಲಿಲ್ಲ.

ಮರುದಿನ ಕಾಕಾನ ಪ್ಯಾಡನ್ನು ಹುಳಿ ನೀರಿನಲ್ಲಿ ನೆನೆಹಾಕಿ ತೊಳೆದೆವು, ಅರ್ಧದಷ್ಟು ಬಿಟ್ಟಿತು. ಸೋಮವಾರ ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದೆ. ಆ ಕೂಲರಿನ ಅಳತೆಯ ಪ್ಯಾಡು ಎಲ್ಲಿಯೂ ಸಿಗಲಿಲ್ಲ. ತಗಡಿನ ಮೈಯ, ಹುಲ್ಲಿನ ಪ್ಯಾಡಿನ ನಾಟಿ ಕೂಲರುಗಳು ಮಾತ್ರ ಸಾಲುಸಾಲಾಗಿ ನಿಂತಿದ್ದವು. ಪ್ಯಾಡು ಕೆಟ್ಟರೆ ಅಗ್ಗದ ದುಡ್ಡಿನಲ್ಲಿ ಅಲ್ಲಿಯೇ ಹೊಸದು ತುರುಕಿಕೊಡುತ್ತಾರೆ. ಪಂಪು ಸುಟ್ಟರೆ ಬೇರೆಯದು ಕೂಡಿಸುತ್ತಾರೆ. ಸದ್ದು ಹೆಚ್ಚು, ನೋಟ ಚೆನ್ನಾಗಿಲ್ಲ. ಆದರೆ ಗಡಸು ನೀರಿನ ಊರಿಗೆ ಅದೇ ಸರಿ.

ಇಲ್ಲಿಯೇ ನನ್ನ ಕಸುಬಿನ ಗಂಟು ಇರುವುದು. ನಾಟಿ ಕೂಲರಿಗೆ ಕೊಂಡಿಯಿಲ್ಲ, ಕೊಂಡಿಯಿಲ್ಲದ ಮೇಲೆ ಕಮಿಷನ್ ಇಲ್ಲ. ನಿಜ ಹೇಳಿದರೆ ಓದುಗರು ನನ್ನ ಪುಟವನ್ನು ಮುಚ್ಚಿ ಮಾರ್ಕೆಟ್ಟಿಗೆ ನಡೆಯುತ್ತಾರೆ. ಒಂದು ವಾರ ತಳ್ಳಿದೆ. ಕೊನೆಗೆ ಇಡೀ ಪುಟವನ್ನು ಅಳಿಸಿ ಹೊಸದಾಗಿ ಬರೆದೆ. ನಿಮ್ಮ ಮನೆಯ ನೀರು ಗಡಸಾಗಿದ್ದರೆ ತಗಡಿನ ಕೂಲರನ್ನು ಊರಿನ ಅಂಗಡಿಯಲ್ಲಿಯೇ ಕೊಳ್ಳಿ. ನಳದ ಸಿಹಿನೀರಿದ್ದರೆ ಇಂತಿಂತಹವನ್ನು ನೋಡಬಹುದು. ಯಾವುದನ್ನು ಕೊಂಡರೂ ವಾರಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ. ಕೊಳ್ಳುವ ಮೊದಲು ಅದರ ಪ್ಯಾಡು ನಿಮ್ಮೂರಿನಲ್ಲಿ ಸಿಗುತ್ತದೆಯೇ ವಿಚಾರಿಸಿ. ಕರೆಂಟು ಹೋದಾಗ ಇನ್ವರ್ಟರಿನ ಮೇಲೆ ನಡೆಯುತ್ತದೆಯೇ ಕೇಳಿ, ಎಂದು. ಮರುತಿಂಗಳು ಆ ತಾಣದ ಗಳಿಕೆ ಅರ್ಧಕ್ಕಿಂತ ಕೆಳಗಿಳಿಯಿತು. ಅದು ಮತ್ತೆ ಏರಿತೆಂದು ಹೇಳುವ ಭಾಗ್ಯ ನನಗಿಲ್ಲ, ಏರಿಲ್ಲ.

ಕಾಯಿದೆಯೂ ಈ ವಿಷಯದಲ್ಲಿ ಸುಮ್ಮನಿಲ್ಲ. ಹಿಂದೆ ಅಡತಿಯವರ ಮನಬಂದ ಮುರಿತಗಳನ್ನು ತಡೆಯಲು ಹೈದರಾಬಾದ್ ಸಂಸ್ಥಾನದಲ್ಲಿ ೧೯೩೦ರಲ್ಲಿಯೇ ಮಾರುಕಟ್ಟೆ ಕಾಯಿದೆ ಬಂತು. ಆಮೇಲೆ ಕರ್ನಾಟಕದ ೧೯೬೬ರ ಕಾಯಿದೆ. ಜಾಲದ ದಲಾಲಿಗಳಿಗೆ ಅಂತಹ ಲಗಾಮು ಬಿದ್ದದ್ದು ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಿಂದ. ಅದರ ಅಡಿಯಲ್ಲಿ ೨೦೨೨ರ ಜೂನಿನಲ್ಲಿ ಹೊರಟ ನಿಯಮಗಳ ಪ್ರಕಾರ, ಹೊಗಳುವವನಿಗೂ ಮಾರುವವನಿಗೂ ಹಣದ ಸಂಬಂಧವಿದ್ದರೆ ಅದನ್ನು ತೆರೆದು ಹೇಳಬೇಕು. ೨೦೨೩ರ ಜನವರಿಯಲ್ಲಿ ಪ್ರಕಟವಾದ ವಿವರಣೆ, ಹೊಗಳಿದ ಭಾಷೆಯಲ್ಲಿಯೇ ಅದನ್ನು ಹೇಳಬೇಕೆನ್ನುತ್ತದೆ. ನನ್ನ ತಾಣದಲ್ಲಿ ಮೊದಲು ಅದು ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿತ್ತು. ಕಾಕಾ ಅಲ್ಲಿಯವರೆಗೆ ಓದಿರಲಿಲ್ಲ, ಓದಿದ್ದರೂ ಅರ್ಥವಾಗುತ್ತಿರಲಿಲ್ಲ. ಈಗ ಪ್ರತಿ ಪುಟದ ಮೊದಲ ಸಾಲೇ ಅದು: "ಇಲ್ಲಿನ ಕೊಂಡಿಯಿಂದ ನೀವು ಕೊಂಡರೆ ಬರೆದವನಿಗೆ ದಲಾಲಿ ಬರುತ್ತದೆ." ಅರ್ಥಶಾಸ್ತ್ರದ ಉಪನ್ಯಾಸಕರ ಪದವನ್ನೇ ಇಟ್ಟಿದ್ದೇನೆ.

ಆ ಜೂನಿನಲ್ಲಿ ಎರಡು ತಾಣಗಳನ್ನು ಮುಚ್ಚಿದೆ. ಖಾತೆ ಪುಸ್ತಕದಲ್ಲಿ ಹೊಸ ಅಂಕಣ ಎಳೆದು ಪ್ರತಿ ಪುಟದ ಮುಂದೆ "ಕಂಡದ್ದು", "ಕಾಣದ್ದು" ಎಂದು ಬರೆಯತೊಡಗಿದಾಗ ಉಡುಗೊರೆಯ ತಾಣದಲ್ಲಿ ಎಲ್ಲವೂ "ಕಾಣದ್ದು" ಎಂದಾಯಿತು. ಮೊಬೈಲಿನದೂ ಅಷ್ಟೆ. ತಿಂಗಳಿಗೆ ಹತ್ತಾರು ಹೊಸ ಫೋನುಗಳು ಬರುವಾಗ ಬಿ.ಎ. ವಿದ್ಯಾರ್ಥಿಯೊಬ್ಬ ಯಾವುದನ್ನು ಕೈಯಲ್ಲಿ ಹಿಡಿದು ನೋಡಿಯಾನು? ಹೀಗೆ ಬರೆಯುವಾಗ ಒಂದು ಲೆಕ್ಕ ತಾನಾಗಿಯೇ ಹೊರಬಿತ್ತು. ತಾಣಗಳನ್ನು ಎಷ್ಟು ಬೇಕಾದರೂ ತೆರೆಯಬಹುದು, ಆದರೆ ವಾರಕ್ಕೆ ಹತ್ತು ಹನ್ನೆರಡು ಗಂಟೆ ಬಿಡುವಿರುವ ನಾನು ನಿಜವಾಗಿ ಪರೀಕ್ಷಿಸಬಲ್ಲದ್ದು ಹೆಚ್ಚೆಂದರೆ ನೂರು ಪುಟ. ಅದನ್ನು ಮೂರರಲ್ಲಿ ಹಂಚಿದೆ. ಪುಸ್ತಕದ ತಾಣಕ್ಕಾಗಿಯೇ ಈ ಗ್ರಂಥಾಲಯದ ಮೇಜು. ಇಲ್ಲಿ ಕೈಗೆತ್ತಿ ಹಾಳೆ ತಿರುವಿದ, ತಪ್ಪು ಉತ್ತರಗಳನ್ನು ಎಣಿಸಿದ ಪುಸ್ತಕವನ್ನಷ್ಟೇ ಈಗ ಪಟ್ಟಿಗೆ ಸೇರಿಸುತ್ತೇನೆ. ತಾಡಪತ್ರಿಯನ್ನು ಅಪ್ಪನ ಕಣದಲ್ಲಿ ಹಾಸಿ ನೋಡುತ್ತೇನೆ.

ಮುಚ್ಚಲು ಇನ್ನೊಂದು ಕಾರಣವೂ ಒದಗಿತ್ತು. ಜಾಲತಾಣದವನ ಮಳೆ ಬೆಳೆಯೆಲ್ಲ ಗೂಗಲ್ಲಿನ ಕೈಯಲ್ಲಿದೆ. ೨೦೨೨ರಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿದ್ದು, ಕಾಯಿ ಕಟ್ಟಿದ ಗಿಡಗಳು ನಿಂತಲ್ಲಿಯೇ ಒಣಗಿದ್ದನ್ನು ನೀವೂ ಕಂಡಿರಬಹುದು. ಹುಡುಕಾಟದ ಫಲಿತಾಂಶಗಳನ್ನು ಗೂಗಲ್ ೨೦೨೩ರ ಸೆಪ್ಟೆಂಬರಿನಲ್ಲಿಯೂ ೨೦೨೪ರ ಮಾರ್ಚಿನಲ್ಲಿಯೂ ಬದಲಿಸಿದಾಗ ಜಗತ್ತಿನ ಎಷ್ಟೋ ಸಣ್ಣ ತಾಣಗಳಿಗೆ ಅಂತಹದೇ ನೆಟೆ ಬಿತ್ತು. ನನ್ನ ಮೊಬೈಲ್ ತಾಣಕ್ಕೆ ಬರುತ್ತಿದ್ದ ಓದುಗರು ಎರಡು ವಾರಗಳಲ್ಲಿ ಇಲ್ಲವಾದರು. ನಕಲು ಮಾಡಿ ಬರೆದವರಿಗೆ ಹೀಗಾದದ್ದು ನ್ಯಾಯವೆಂದೇ ಇಟ್ಟುಕೊಳ್ಳೋಣ. ಆದರೆ ವಸ್ತುಗಳನ್ನು ನಿಜವಾಗಿ ಪರೀಕ್ಷಿಸಿ ಬರೆಯುವವರೂ ಪೆಟ್ಟು ತಿಂದರು. ಗಾಳಿ ಶುದ್ಧಿ ಮಾಡುವ ಯಂತ್ರಗಳನ್ನು ತಾವೇ ಪರೀಕ್ಷಿಸಿ ಬರೆಯುವ ಹೌಸ್‌ಫ್ರೆಶ್ ಎಂಬ ಸಣ್ಣ ತಾಣದವರು, ಪರೀಕ್ಷಿಸದೆ ಬರೆಯುವ ದೊಡ್ಡ ಪತ್ರಿಕೆಗಳು ತಮ್ಮನ್ನು ಹಿಂದೆ ತಳ್ಳುತ್ತಿವೆಯೆಂದು ೨೦೨೪ರಲ್ಲಿ ವಿವರವಾಗಿ ದೂರಿದರು. ಇದೇ ಕಸುಬಿನಲ್ಲಿ ಬ್ರಯನ್ ಲ್ಯಾಮ್ ಎಂಬವರು ೨೦೧೧ರಲ್ಲಿ ಕಟ್ಟಿದ ವೈರ್‌ಕಟರ್ ತಾಣವನ್ನು ನ್ಯೂಯಾರ್ಕ್ ಟೈಮ್ಸ್ ೨೦೧೬ರಲ್ಲಿ ಸುಮಾರು ಮೂರು ಕೋಟಿ ಡಾಲರಿಗೆ ಕೊಂಡುಕೊಂಡಿತೆಂಬ ಕಥೆಯನ್ನು ಓದಿಯೇ ನಾನು ಈ ಹಾದಿಗಿಳಿದದ್ದು. ಹೌಸ್‌ಫ್ರೆಶ್‌ನ ಕಥೆಯನ್ನು ಆಗ ಯಾರೂ ಹೇಳಿರಲಿಲ್ಲ. ೨೦೨೪ರ ಆಗಸ್ಟಿನಿಂದ ನಮ್ಮ ದೇಶದಲ್ಲಿಯೂ ಹುಡುಕಿದ ಪ್ರಶ್ನೆಗೆ ಯಂತ್ರವೇ ಬರೆದ ಉತ್ತರ ಹುಡುಕಾಟದ ಪುಟದ ಮೇಲೆಯೇ, ಮೊದಲು 'ಇಂಗ್ಲಿಷ್ ಮತ್ತು ಹಿಂದಿ'ಗಳಲ್ಲಿ, ಕಾಣತೊಡಗಿತು. ಉತ್ತರ ಅಲ್ಲಿಯೇ ಸಿಕ್ಕಿದರೆ ನನ್ನ ಪುಟದವರೆಗೆ ಬರುವವರು ಯಾರು? ಕಮಲಾಪುರದ ನೀರಿನ ಸುಣ್ಣವನ್ನು ಕೇಳಬೇಕಾದವರು ಬಂದಾರೆಂದು ಸದ್ಯಕ್ಕೆ ನಂಬಿದ್ದೇನೆ.

ಈ ಕೆಲಸಕ್ಕಿಳಿಯಬಹುದೇ ಎಂದು ಕೇಳುವ ಮಿತ್ರರಿಗೆ ನನ್ನ ಲೆಕ್ಕವನ್ನು ಮುಚ್ಚಿಡುವುದಿಲ್ಲ. ಮೊದಲ ಏಳು ತಿಂಗಳು ಒಂದು ರೂಪಾಯಿಯೂ ಬರಲಿಲ್ಲ. ಕಳೆದ ವರ್ಷ ಮೂರು ತಾಣಗಳಿಂದ ಬಂದದ್ದು ೩೧,೪೦೦ ರೂಪಾಯಿ. ಡೊಮೇನು, ಹೋಸ್ಟಿಂಗುಗಳಿಗೆ ಹೋದದ್ದು ಸುಮಾರು ೬,೦೦೦. ಕೋಣೆಯ ಬಾಡಿಗೆಯ ಒಂದು ಪಾಲೂ ಪರೀಕ್ಷೆಯ ಶುಲ್ಕವೂ ಅದರಲ್ಲಿ ಕಳೆಯುತ್ತದೆ. ವರ್ಷಕ್ಕೆ ಲಕ್ಷಗಳನ್ನು ಎಣಿಸಿಕೊಡುತ್ತೇವೆಂದು ಪಾಠ ಮಾರುವವರು ಅನೇಕರಿದ್ದಾರೆ. ಅವರಲ್ಲಿ ಬಹುಮಂದಿಯ ಗಳಿಕೆ ಆ ಪಾಠದ ಮಾರಾಟದಿಂದಲೇ ಬರುವುದೆಂಬುದು ನನ್ನ ಅನುಮಾನ.

ಈ ಮಾರ್ಚಿಯ ಮೊದಲ ಶನಿವಾರ, ಬಿಸಿಲು ಏರುವ ಮುನ್ನ, ಕಾಕಾನ ಪಡಸಾಲೆಗೆ ಹೋಗಿದ್ದೆ. ಹಳೆಯ ಕೂಲರಿಗೆ ಮೂಲೆಯ ತಗಡಿನಂಗಡಿಯವನು ಹುಲ್ಲಿನ ಪ್ಯಾಡನ್ನೇ ಕತ್ತರಿಸಿ ಕೂಡಿಸಿಕೊಟ್ಟಿದ್ದಾನೆ. ಹೊಸ ಪಂಪಿನ ಬೆಲೆ ೨೮೮ರಲ್ಲಿ ಮುಗಿಯಲಿಲ್ಲ, ಮೇಲಿನದನ್ನು ಕಾಕಾ ಹಾಕಿದ. ತೊಟ್ಟಿಯನ್ನು ಬರಿದು ಮಾಡಿ, ತಳದಲ್ಲಿ ಕಟ್ಟಿದ್ದ ಬಿಳಿಯ ಹಕ್ಕಳೆಯ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡೆ. "ಇದನ್ನೂ ಹಾಕ್ತೀ ಏನು?" ಎಂದ ಕಾಕಾ. ಹಾಕುತ್ತೇನೆಂದೆ. "ಹಂಗಾದ್ರ ನಿಲ್ಲು, ಸ್ವಲ್ಪ ಒರಸ್ತೀನಿ," ಎಂದು ಬಟ್ಟೆ ತರಲು ಎದ್ದ. ಒರೆಸಕೂಡದೆಂದು ಅವನನ್ನು ಒಪ್ಪಿಸುವಷ್ಟರಲ್ಲಿ ಕಲಬುರಗಿಯ ಬಸ್ಸು ತಪ್ಪಿತು.